ನಕ್ಷತ್ರದ ಮೂಲೆ ಕರಗಿದಾಗ, ಹಿಮದ ಬಿಳುಪು ಒಣಗದಾಗ: ಕರಾವಳಿಯ ಅಡುಗೆಮನೆಗೊಂದು ಕ್ರಿಸ್‌ಮಸ್ ಕುಕ್ಕಿ ದೋಷ ನಿವಾರಣೆ ಕೈಪಿಡಿ

ಹಿಮಮಾನವ, ಹಿಮದ ಹರಳು, ಸೂಚಿಪರ್ಣ ಮರ, ನಕ್ಷತ್ರ ಮುಂತಾದ ಆಕಾರಗಳ ಕುಕ್ಕಿಗಳನ್ನು ಸಕ್ಕರೆ ಐಸಿಂಗಿನಿಂದ ಅಲಂಕರಿಸುವ ಪದ್ಧತಿ ಚಳಿ ದೇಶಗಳದ್ದು. ಅದಕ್ಕಾಗಿ ಬರೆದ ಪಾಕವಿಧಾನಗಳಲ್ಲಿ ‘ಕೋಣೆಯ ಉಷ್ಣಾಂಶದ ಬೆಣ್ಣೆ’ ಎಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನ ಬೆಣ್ಣೆ. ‘ರಾತ್ರಿಯಿಡೀ ಒಣಗಲು ಬಿಡಿ’ ಎಂದರೆ ಹೀಟರ್ ಉರಿದು ಒಣಗಿದ ಗಾಳಿಯಲ್ಲಿ ಬಿಡುವುದು. ಕಾರವಾರದಲ್ಲಿ ಡಿಸೆಂಬರ್ ಮಧ್ಯಾಹ್ನವೂ ಬಿಸಿಲು 30 ಡಿಗ್ರಿ ದಾಟುತ್ತದೆ, ರಾತ್ರಿಯ ಗಾಳಿಯಲ್ಲಿ ಇಬ್ಬನಿ ಇರುತ್ತದೆ. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಕುಕ್ಕಿ ಕೆಟ್ಟಾಗ ಅಳತೆಯನ್ನು ಸಂಶಯಿಸುವ ಮೊದಲು ನೀರನ್ನೂ ಬಿಸಿಯನ್ನೂ ಸಂಶಯಿಸಬೇಕು. ಹಿಟ್ಟಿನೊಳಗಿನ ನೀರು, ಐಸಿಂಗಿನೊಳಗಿನ ನೀರು, ಗಾಳಿಯೊಳಗಿನ ನೀರು ಎಂಬ ಮೂರರಲ್ಲಿ ತಪ್ಪು ಯಾವುದರದ್ದೆಂದು ತಿಳಿದರೆ ಪರಿಹಾರದ ಬಹುಪಾಲು ಸಿಕ್ಕಂತೆಯೇ.

ಪರಿಶೀಲನೆಗೆ ಒಂದು ಕ್ರಮವಿರಲಿ. ದೋಷ ಮೊದಲು ಕಣ್ಣಿಗೆ ಬಿದ್ದದ್ದು ಓವನ್ನಿನಲ್ಲೋ, ತಣಿಯುವಾಗಲೋ, ಐಸಿಂಗ್ ಹಾಕುವಾಗಲೋ, ಒಣಗುವಾಗಲೋ, ಡಬ್ಬಿಯಲ್ಲೋ ಎಂಬುದನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಒಂದು ಹಂತ ಹಿಂದಕ್ಕೆ ಹೋಗಿ ನೋಡಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬೆಣ್ಣೆಯನ್ನು ಕಡಿಮೆ ಮಾಡಿ, ಉಷ್ಣಾಂಶ ಏರಿಸಿ, ಹಿಟ್ಟನ್ನೂ ಹೆಚ್ಚಿಸಿಬಿಟ್ಟರೆ ಮುಂದಿನ ಟ್ರೇ ಚೆನ್ನಾಗಿ ಬಂದರೂ ಕಾರಣ ತಿಳಿಯದೆ ಉಳಿಯುತ್ತದೆ. ಇಡೀ ಹಿಟ್ಟನ್ನು ಬೇಯಿಸುವ ಮೊದಲು ಎರಡೇ ಎರಡು ಕುಕ್ಕಿಗಳನ್ನು ಬೇಯಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಕೆಳಗಿನ ವಿವರಣೆಗೆ ಆಧಾರವಾಗಿ ಇಟ್ಟುಕೊಂಡಿರುವುದು ಮೊಟ್ಟೆಯಿಲ್ಲದ ಒಂದು ಸರಳ ಅಳತೆ: 250 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಚೂರು ವೆನಿಲಾ, ಹಿಟ್ಟು ಕೂಡಿಕೊಳ್ಳದಿದ್ದರೆ ಮಾತ್ರ ಒಂದು ಚಮಚ ತಣ್ಣನೆಯ ಹಾಲು. 5ರಿಂದ 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 170 ಡಿಗ್ರಿಯಲ್ಲಿ 12ರಿಂದ 14 ನಿಮಿಷ ಬೇಯಿಸುವುದು.

ಆಕಾರ ಹರಡಿಕೊಂಡರೆ

ನಕ್ಷತ್ರವಾಗಿ ಓವನ್ನಿಗೆ ಹೋದದ್ದು ಹೂವಾಗಿ ಹೊರಬಂದರೆ ಮೊದಲು ಬೆಣ್ಣೆಯನ್ನು ವಿಚಾರಿಸಬೇಕು. ಬೆಣ್ಣೆ 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಕರಗುತ್ತದೆ. ಕರಾವಳಿಯ ಅಡುಗೆಮನೆಯಲ್ಲಿ ಮಕ್ಕಳ ಬಿಸಿ ಅಂಗೈಯ ನಡುವೆ ಅರ್ಧ ಗಂಟೆ ಆಡಿದ ಹಿಟ್ಟಿನಲ್ಲಿ ಅದು ಆಗಲೇ ಅರೆ ಕರಗಿರುತ್ತದೆ. ಓವನ್ನಿನ ಬಿಸಿ ತಗುಲಿದೊಡನೆ, ಮೈದಾದ ಪಿಷ್ಟ ಗಟ್ಟಿಯಾಗುವ ಮುನ್ನವೇ, ಕೊಬ್ಬು ಹರಿದು ಅಂಚನ್ನು ತನ್ನೊಡನೆ ಎಳೆದೊಯ್ಯುತ್ತದೆ. ಕತ್ತರಿಸಿದ ಆಕಾರಗಳನ್ನು ಬಟರ್ ಪೇಪರ್ ಸಮೇತ ಫ್ರಿಜ್ಜಿನಲ್ಲಿ 30 ನಿಮಿಷ, ಫ್ರೀಜರಿನಲ್ಲಾದರೆ 10 ನಿಮಿಷ ಇಟ್ಟು, ಗಟ್ಟಿಯಾದ ಮೇಲೆಯೇ ನೇರವಾಗಿ ಬಿಸಿ ಓವನ್ನಿಗೆ ಇಡುವುದು ಇದಕ್ಕೆ ಮದ್ದು. ಇಡೀ ಮುದ್ದೆಯನ್ನು ತಣಿಸಿ ಆಮೇಲೆ ಲಟ್ಟಿಸಿದರೆ ಸಾಲದು. ತಣಿಯಬೇಕಾದದ್ದು ಕತ್ತರಿಸಿದ ತುಂಡು. ಮೊದಲ ಸುತ್ತಿನ ಟ್ರೇ ಬಿಸಿ ಆರದಿದ್ದರೆ ಅದರ ಮೇಲೆ ಎರಡನೆಯ ಸುತ್ತನ್ನು ಇಡಬಾರದು.

ಅಂಗಡಿಯ ಬೆಣ್ಣೆಯಲ್ಲಿ ಕನಿಷ್ಠ ಶೇ 80ರಷ್ಟು ಕೊಬ್ಬಿರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ನೀರು. ಅದು ಉಪ್ಪು ಬೆರೆತದ್ದಾದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಮಜ್ಜಿಗೆ ಕಡೆದು ತೆಗೆದ ಬೆಣ್ಣೆಯನ್ನೇ ಬಳಸುವ ಆಸೆ ಸಹಜವಾದದ್ದು ಮತ್ತು ಒಳ್ಳೆಯದು, ಆದರೆ ಅದರಲ್ಲಿ ಸಿಕ್ಕಿಕೊಂಡಿರುವ ಮಜ್ಜಿಗೆಯ ನೀರು ಒಂದೊಂದು ಕಡೆತಕ್ಕೆ ಒಂದೊಂದು ಪ್ರಮಾಣದಲ್ಲಿರುತ್ತದೆ. ನೀರು ಹೆಚ್ಚಾದಾಗ ಮೈದಾದಲ್ಲಿ ಜಿಗುಟು ಬೆಳೆದು ಕುಕ್ಕಿ ಗಡುಸಾಗುತ್ತದೆ, ಉಬ್ಬಿ ಮೇಲ್ಮೈ ಏರುಪೇರಾಗುತ್ತದೆ. ಅಂಥ ಬೆಣ್ಣೆಯನ್ನು ಐಸ್ ನೀರಿನಲ್ಲಿ ತೊಳೆದು, ನೀರು ತಿಳಿಯಾಗುವವರೆಗೆ ಬದಲಿಸುತ್ತ, ಮರದ ಸಟ್ಟುಗದಿಂದ ಒತ್ತಿ ಹಿಂಡಿ, ತೆಳು ಬಟ್ಟೆಯಲ್ಲಿ ಒರೆಸಿ ಬಳಸಿದರೆ ಹುಳಿ ವಾಸನೆಯೂ ಹೋಗುತ್ತದೆ, ನೀರೂ ಇಳಿಯುತ್ತದೆ. ತುಪ್ಪವನ್ನು ಬೆಣ್ಣೆಯ ತೂಕಕ್ಕೆ ಸರಿಸಮನಾಗಿ ಹಾಕುವುದು ಬೇರೊಂದು ದೋಷಕ್ಕೆ ದಾರಿ: ಅದು ಬಹುತೇಕ ಶುದ್ಧ ಕೊಬ್ಬಾದುದರಿಂದ ಕುಕ್ಕಿ ನಾನ್‌ಖಟಾಯಿಯ ಹಾಗೆ ಬಿರಿದು ಮರಳಾಗುತ್ತದೆ. ಬಾಯಿಗೆ ಅದು ಸೊಗಸು. ಮಗುವಿನ ಕೈಯ ಒತ್ತಡಕ್ಕೆ ಹಿಮಮಾನವನ ಕತ್ತು ಮುರಿಯುತ್ತದೆ.

ಸಕ್ಕರೆಯೂ ಹರಡುವಿಕೆಗೆ ಕಾರಣವಾಗಬಲ್ಲುದು. ನಮ್ಮ ಅಂಗಡಿಗಳ ದಪ್ಪ ಹರಳಿನ ಸಕ್ಕರೆ ಹಿಟ್ಟಿನಲ್ಲಿ ಕರಗದೆ ಉಳಿದು ಓವನ್ನಿನಲ್ಲಿ ಕರಗುತ್ತದೆ. ಆಗ ಆಕಾರ ಜಾರುತ್ತದೆ, ಮೇಲ್ಮೈಯಲ್ಲಿ ಬಿರುಕು ಕಾಣುತ್ತದೆ. ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಬೇಕು. ಶುಂಠಿ ಕುಕ್ಕಿಗೆ ಕಾಕಂಬಿಯ ಬದಲು ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಹಾಕುವವರು ಅದರಲ್ಲಿ ನೀರಿನ ಅಂಶವಿದೆ, ಗಾಳಿಯ ತೇವವನ್ನು ಹೀರುವ ಗುಣವೂ ಇದೆ ಎಂಬುದನ್ನು ನೆನಪಿಡಬೇಕು. ಹಾಲನ್ನು ಪೂರ್ತಿ ಬಿಟ್ಟು, ಎರಡು ಚಮಚ ಮೈದಾ ಹೆಚ್ಚಿಸಿ, ಹಿಟ್ಟನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟರೆ ಆಕಾರ ನಿಲ್ಲುತ್ತದೆ. ತೋಟದ ಜಾಯಿಕಾಯಿ, ಲವಂಗ, ದಾಲ್ಚಿನ್ನಿಯ ಜೊತೆ ಜೋನಿ ಬೆಲ್ಲ ಸೇರಿದ ಕುಕ್ಕಿಯ ರುಚಿಗೆ ಈ ಶ್ರಮ ಸಲ್ಲುತ್ತದೆ ಎಂದೇ ನನ್ನ ದೃಢ ಅಭಿಪ್ರಾಯ. ಬೇಕಿಂಗ್ ಪೌಡರನ್ನು ಅಚ್ಚಿನ ಕುಕ್ಕಿಗೆ ಹಾಕುವ ಅಗತ್ಯವೇ ಇಲ್ಲ.

ಬೆಣ್ಣೆ, ಸಕ್ಕರೆ, ತಣಿಸುವಿಕೆ ಎಲ್ಲವೂ ಸರಿಯಿದ್ದೂ ಹರಡಿದರೆ ಓವನ್ ಬಿಸಿಯಾಗಿರಲಿಲ್ಲ ಎಂದೇ ಅರ್ಥ. ಮನೆಯ ಓಟಿಜಿಯ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್ನಿನ) ಗುಂಡಿ ತೋರುವ ಅಂಕಿಯೂ ಒಳಗಿನ ಬಿಸಿಯೂ ಎಷ್ಟೋ ಸಲ ಬೇರೆಯಾಗಿರುತ್ತವೆ. ಒಳಗಿಡುವ ಸಣ್ಣ ಥರ್ಮಾಮೀಟರ್ ಈ ಸಂಶಯವನ್ನು ಒಮ್ಮೆಗೇ ತೀರಿಸುತ್ತದೆ. ಕಡಾಯಿಯಲ್ಲಿ ಉಪ್ಪು ಹಾಸಿ ಬೇಯಿಸುವವರಿಗೆ ತಳ ಕಂದಿ ಮೇಲೆ ಬಿಳಿಯಾಗಿ ಉಳಿಯುವುದು ಸಾಮಾನ್ಯ. ತಟ್ಟೆಯನ್ನು ಎತ್ತರದ ಸ್ಟ್ಯಾಂಡಿನ ಮೇಲಿಟ್ಟು, ತಟ್ಟೆಯ ಅಂಚಿಗೂ ಕಡಾಯಿಗೂ ನಡುವೆ ಬಿಸಿ ಗಾಳಿ ಏರಲು ಎರಡು ಬೆರಳಿನ ಜಾಗ ಬಿಡಬೇಕು. ಬೇಯುವ ಮೊದಲ ಐದು ನಿಮಿಷಗಳಲ್ಲಿ ವಿದ್ಯುತ್ ಹೋದರೆ ಆ ಟ್ರೇ ಹರಡುವುದನ್ನು ತಡೆಯಲಾಗದು. ಕೊನೆಯ ನಿಮಿಷಗಳಲ್ಲಿ ಹೋದರೆ ಬಾಗಿಲು ತೆರೆಯದೆ ಬಿಟ್ಟರೆ ಒಳಗಿನ ಬಿಸಿಯೇ ಬೇಯಿಸಿ ಮುಗಿಸುತ್ತದೆ.

ಗರಿಗರಿಯಾಗಿದ್ದ ಕುಕ್ಕಿ ಮೆತ್ತಗಾದರೆ

ಒಂದು ಕುಕ್ಕಿಯನ್ನು ಮುರಿದು ನೋಡಿ. ನಡುಭಾಗ ಮಾತ್ರ ಮೆತ್ತಗಿದ್ದರೆ ಅದು ಬೆಂದಿಲ್ಲ. ಅಂಚಿನಿಂದ ಅಂಚಿನವರೆಗೆ ಒಂದೇ ಸಮ ಮೆತ್ತಗಿದ್ದರೆ ತಣಿದ ಮೇಲೆ ಗಾಳಿಯ ತೇವ ಹೀರಿದೆ, ಇಲ್ಲವೇ ಬಿಸಿ ಆರುವ ಮುನ್ನ ಡಬ್ಬಿಗೆ ಸೇರಿ ತನ್ನದೇ ಹಬೆಯಲ್ಲಿ ನೆನೆದಿದೆ. ಐಸಿಂಗ್ ಹಾಕದ ಕುಕ್ಕಿಗಳಾದರೆ ಎರಡೂ ಸಂದರ್ಭಗಳಲ್ಲಿ 150 ಡಿಗ್ರಿಯಲ್ಲಿ ಐದಾರು ನಿಮಿಷ ಮತ್ತೆ ಬಿಸಿ ಮಾಡಿ, ಜಾಲರಿಯ ಮೇಲೆ ಪೂರ್ತಿ ತಣಿಸಿದರೆ ಗರಿ ಮರಳುತ್ತದೆ. ಐಸಿಂಗ್ ಬಿದ್ದ ಮೇಲೆ ಈ ದಾರಿ ಮುಚ್ಚಿದಂತೆ. ಆದ್ದರಿಂದ ಕರಾವಳಿಯಲ್ಲಿ ಅಲಂಕಾರಕ್ಕೆ ಕೂರುವ ಮೊದಲು ಪ್ರತಿ ಸುತ್ತಿನಿಂದ ಒಂದನ್ನು ಮುರಿದು ಪರೀಕ್ಷಿಸುವುದನ್ನು ನಿಯಮವಾಗಿಸಿಕೊಳ್ಳಬೇಕು. ಆ ಕೆಲಸಕ್ಕೆ ಮಕ್ಕಳು ಸಂತೋಷದಿಂದ ಮುಂದೆ ಬರುತ್ತಾರೆ.

ಐಸಿಂಗ್ ಒಣಗದಿದ್ದರೆ

ಇಲ್ಲಿನ ಮನೆಗಳಿಂದ ಅತಿ ಹೆಚ್ಚು ಕೇಳಿಬರುವ ದೂರು ಇದೇ. ಇದರ ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಐಸಿಂಗ್ ಒಣಗುವುದೆಂದರೆ ಅದರ ನೀರು ಗಾಳಿಗೆ ಹೋಗಿ ಸಕ್ಕರೆ ಮತ್ತೆ ಸಣ್ಣ ಹರಳಾಗಿ ಹೆಪ್ಪುಗಟ್ಟುವುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರಿಗೆ ಹೋಗಲು ಜಾಗವಿಲ್ಲ. ಸಾಪೇಕ್ಷ ಆರ್ದ್ರತೆ ಸುಮಾರು ಶೇ 85ಕ್ಕೆ ಏರಿದಾಗ ಸಕ್ಕರೆಯ ಹರಳು ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಕರಗತೊಡಗುತ್ತದೆ. ಕಡಲ ದಂಡೆಯಲ್ಲಿ ಉಷ್ಣಾಂಶ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಆರ್ದ್ರತೆ ಏರಿ ಮುಂಜಾವಿಗೆ ಇಬ್ಬನಿ ಬೀಳುತ್ತದೆ. ಹೀಗಾಗಿ ಪುಸ್ತಕದ ಮಾತಿನಂತೆ ರಾತ್ರಿಯಿಡೀ ಒಣಗಲು ಬಿಟ್ಟ ಕುಕ್ಕಿ, ಮಲಗುವಾಗ ಮುಟ್ಟಿದರೆ ಗಟ್ಟಿಯಿದ್ದು, ಬೆಳಿಗ್ಗೆ ಅಂಟಂಟಾಗಿರುವುದು ವಿಚಿತ್ರವೇನಲ್ಲ.

ಚಳಿಗಾಲದಲ್ಲಿ ಇಲ್ಲಿನ ಗಾಳಿ ಹೆಚ್ಚು ಒಣಗಿರುವುದು ಬೆಳಿಗ್ಗೆ ಬಿಸಿಲೇರಿದ ಮೇಲೆ, ಮಧ್ಯಾಹ್ನ ಕಡಲಗಾಳಿ ಬಲವಾಗಿ ಬೀಸತೊಡಗುವವರೆಗಿನ ಅವಧಿಯಲ್ಲಿ. ಮೊದಲ ದಿನ ಸಂಜೆ ಬೇಯಿಸಿ ತಣಿಸಿ ಡಬ್ಬಿಗೆ ಹಾಕಿ, ಮರುದಿನ ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೆ ಮಕ್ಕಳನ್ನು ಅಲಂಕಾರಕ್ಕೆ ಕೂರಿಸಿದರೆ ಐಸಿಂಗಿನ ಮೇಲ್ಪದರ ಒಣ ಗಾಳಿಯಲ್ಲೇ ಕಟ್ಟಿಕೊಳ್ಳುತ್ತದೆ. ಪಡುವಣ ಕಿಟಕಿಗಳನ್ನು ಮುಚ್ಚಿ, ಟೇಬಲ್ ಫ್ಯಾನನ್ನು ಕುಕ್ಕಿಗಳ ಮೇಲೆ ಅಡ್ಡಲಾಗಿ ಬೀಸುವಂತೆ ಇಡಬೇಕು. ಹವಾನಿಯಂತ್ರಣದ ಕೋಣೆಯಿದ್ದರೆ ಅದೇ ಅತ್ಯುತ್ತಮ, ಏಕೆಂದರೆ ಆ ಯಂತ್ರ ಗಾಳಿಯ ನೀರನ್ನು ಹಿಂಡಿ ಹೊರಹಾಕುತ್ತದೆ. ಶಿರಸಿಯ ಕಡೆ, ಘಟ್ಟದ ಮೇಲೆ, ಬಾಧೆ ಬೇರೆ: ಅಲ್ಲಿ ಹಗಲು ಚೆನ್ನಾಗಿ ಒಣಗುತ್ತದೆ, ಬೆಳಗಿನ ಮಂಜು ಕರಗುವ ತನಕ ಮಾತ್ರ ಕಾಯಬೇಕು, ತೋಟಕ್ಕೆ ತಾಗಿಕೊಂಡ ಮನೆಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ಹೆಚ್ಚು.

ಅಡುಗೆಮನೆಯೊಳಗಿನ ಹಬೆಯನ್ನು ಮರೆಯಬಾರದು. ಕ್ರಿಸ್‌ಮಸ್ ಹತ್ತಿರವಾದಂತೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕುಸ್ವಾರಿಗಾಗಿ, ಅಂದರೆ ಹಬ್ಬಕ್ಕೆ ಹಂಚುವ ಬಗೆಬಗೆಯ ತಿಂಡಿಗಳಿಗಾಗಿ, ನೆವ್ರಿ, ಕುಲ್ಕುಲ್ ಕರಿಯುವ ಕೆಲಸವೂ ನಡೆದಿರುತ್ತದೆ. ಕರಿಯುವ ಬಾಣಲೆ, ಕುದಿಯುವ ಅನ್ನ, ಒಣಗುವ ಐಸಿಂಗ್ ಮೂರೂ ಒಂದೇ ಕೋಣೆಯಲ್ಲಿರಬಾರದು. ಕುಕ್ಕಿಗಳಿಗೆ ನಡುಮನೆಯ ಮೇಜೇ ಸರಿ.

ಗಾಳಿ ಸರಿಯಿದ್ದೂ ಐಸಿಂಗ್ ಒಣಗದಿದ್ದರೆ ಐಸಿಂಗನ್ನೇ ನೋಡಬೇಕು. ಹಾಲು ಮತ್ತು ಸಕ್ಕರೆ ಪುಡಿ ಮಾತ್ರ ಕಲಸಿದ ಲೇಪ ಎಂದೂ ಕಲ್ಲಿನಷ್ಟು ಗಟ್ಟಿಯಾಗುವುದಿಲ್ಲ. ಅದು ಮೇಲೆ ಪೊರೆ ಕಟ್ಟಿ ಒಳಗೆ ಮೆತ್ತಗೆ ಉಳಿಯುವ ಜಾತಿಯದು. ಒಂದರ ಮೇಲೊಂದು ಜೋಡಿಸಬಲ್ಲ ಕುಕ್ಕಿಗೆ ಪ್ರೋಟೀನಿನ ಆಧಾರವಿರುವ ರಾಯಲ್ ಐಸಿಂಗ್ ಬೇಕು. ಹಸಿ ಮೊಟ್ಟೆಯ ಬಿಳಿಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಅಪಾಯವಿರುವುದರಿಂದ, ಬೆರಳು ನೆಕ್ಕುತ್ತಲೇ ಕೆಲಸ ಮಾಡುವ ಮಕ್ಕಳ ಮುಂದೆ ಅದನ್ನು ಇಡುವುದು ಬೇಡವೇ ಬೇಡ. ಶಾಖದಿಂದ ಶುದ್ಧೀಕರಿಸಿದ ಮೊಟ್ಟೆ ಬಿಳಿಯ ಪುಡಿ ಅಥವಾ ಅದಕ್ಕೆ ಸಕ್ಕರೆ ಮುಂತಾದವು ಬೆರೆತ ಮೆರಾಂಗ್ ಪುಡಿ ಸುರಕ್ಷಿತ. ಮೊಟ್ಟೆ ಬಳಸದ ಮನೆಗಳಿಗೆ ಕಾಬೂಲಿ ಕಡಲೆ ಬೇಯಿಸಿದ ನೀರು ಒಳ್ಳೆಯ ಬದಲಿ: ಉಪ್ಪು ಹಾಕದೆ ಬೇಯಿಸಿ, ಸೋಸಿ, ಮೂರರಲ್ಲಿ ಎರಡು ಪಾಲು ಉಳಿಯುವಂತೆ ಕುದಿಸಿ ಇಳಿಸಿ, ಪೂರ್ತಿ ತಣಿಸಿದ 30ರಿಂದ 35 ಮಿಲಿಲೀಟರ್ ನೀರಿಗೆ 250 ಗ್ರಾಂ ಐಸಿಂಗ್ ಸಕ್ಕರೆ ಸೇರಿಸಿ ಬೀಟರಿನಲ್ಲಿ ಬಿಳಿಯಾಗಿ ಉಬ್ಬುವವರೆಗೆ ಕಡೆಯಬೇಕು. ಇದು ಮೊಟ್ಟೆಯದಕ್ಕಿಂತ ನಿಧಾನವಾಗಿ ಒಣಗುತ್ತದೆ, ಅದಕ್ಕೆ ತಕ್ಕ ಸಮಯ ಕೊಡಬೇಕು.

ಎಷ್ಟು ಕಡೆದರೂ ಉಬ್ಬದೆ ನೀರಾಗಿಯೇ ಉಳಿದರೆ ಪಾತ್ರೆಯಲ್ಲಿ ಎಣ್ಣೆಯ ಅಂಶವಿದೆ. ಕಾಯಿತುರಿ, ತೆಂಗಿನೆಣ್ಣೆ ನಿತ್ಯ ಬಳಸುವ ಮನೆಗಳಲ್ಲಿ ಪ್ಲಾಸ್ಟಿಕ್ ಬಟ್ಟಲು ತೊಳೆದ ಮೇಲೂ ಜಿಡ್ಡನ್ನು ಹಿಡಿದಿಟ್ಟುಕೊಂಡಿರುತ್ತದೆ. ಸ್ಟೀಲ್ ಅಥವಾ ಗಾಜಿನ ಪಾತ್ರೆಯನ್ನು ಲಿಂಬೆಹೋಳಿನಿಂದ ಉಜ್ಜಿ ಒರೆಸಿಕೊಂಡು ಹೊಸದಾಗಿ ಆರಂಭಿಸುವುದೊಂದೇ ದಾರಿ. ಒಮ್ಮೆ ಜಿಡ್ಡು ಸೇರಿದ ಐಸಿಂಗಿಗೆ ಸಕ್ಕರೆ ಸುರಿದು ಸರಿಪಡಿಸಲು ಹೋದರೆ ಸಕ್ಕರೆಯೂ ಹೋಗುತ್ತದೆ.

ಒಣಗಿಸಲೆಂದು ಫ್ರಿಜ್ಜಿನಲ್ಲಿ ಇಡುವುದು ಈ ಊರಿನಲ್ಲಿ ಮಾಡಬಾರದ ಕೆಲಸ. ತಣ್ಣಗಾದ ಕುಕ್ಕಿ ಹೊರಬಂದ ಕ್ಷಣವೇ ಅದರ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಬಣ್ಣಗಳೆಲ್ಲ ಒಂದರೊಳಗೊಂದು ಇಳಿಯುತ್ತವೆ.

ಅಂಚಿನಿಂದ ಇಳಿದರೆ, ಗುಳಿ ಬಿದ್ದರೆ, ಎಣ್ಣೆ ಕಲೆ ಮೂಡಿದರೆ

ಐಸಿಂಗ್ ಕುಕ್ಕಿಯ ಅಂಚು ದಾಟಿ ಇಳಿಯುವುದು ತೆಳುವಾದದ್ದರ ಗುರುತು. ಬಟ್ಟಲಿನಲ್ಲಿ ಚಾಕುವಿನಿಂದ ಗೆರೆ ಎಳೆದು ಎಣಿಸಬೇಕು: ಗೆರೆ 15ರಿಂದ 20 ಸೆಕೆಂಡುಗಳಲ್ಲಿ ಕೂಡಿಕೊಂಡರೆ ಮೈ ತುಂಬಲು ಸರಿ; ಹತ್ತರೊಳಗೆ ಮಾಯವಾದರೆ ಒಂದೊಂದೇ ಚಮಚ ಸಕ್ಕರೆ ಪುಡಿ ಸೇರಿಸಬೇಕು; ಅಂಚಿನ ಗೆರೆಗೆ ಬಳಸುವುದು ಇದಕ್ಕಿಂತ ಗಟ್ಟಿಯಿರಬೇಕು. ಎಣಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಆರೇಳು ವರ್ಷದೊಳಗಿನವರಿಗೆ ಹಿರಿಯರು ಮೊದಲು ಅಂಚಿನ ಗೆರೆ ಎಳೆದು, ಅದು ಒಣಗಿದ ಮೇಲೆ ಒಳಭಾಗವನ್ನು ಅವರಿಗೆ ಬಿಟ್ಟರೆ ಐಸಿಂಗ್ ಇಳಿಯುವುದಿಲ್ಲ, ಕೆಲಸವೂ ಅವರದಾಗಿಯೇ ಉಳಿಯುತ್ತದೆ. ಮೆಹಂದಿ ಕೋನಿನಂತೆ ಸುತ್ತಿದ ಪುಟ್ಟ ಕೋನ್‌ಗಳನ್ನು ಅರ್ಧಕ್ಕಿಂತ ಕಡಿಮೆ ತುಂಬಿ ಕೊಡಬೇಕು. ತುಂಬಿದ ಕೋನ್ ಸಣ್ಣ ಕೈಯಲ್ಲಿ ಹಿಂದಿನಿಂದ ಬಿಚ್ಚಿಕೊಳ್ಳುತ್ತದೆ.

ಒಣಗಿದ ಮೇಲೆ ಸಣ್ಣ ಭಾಗಗಳಲ್ಲಿ, ಹಿಮಮಾನವನ ಟೋಪಿಯಲ್ಲೋ ಗುಂಡಿಯಲ್ಲೋ, ಗುಳಿ ಬಿದ್ದರೆ ಅಲ್ಲಿ ಐಸಿಂಗ್ ಹೆಚ್ಚು ಗಟ್ಟಿಯಿರಬೇಕಿತ್ತು ಮತ್ತು ಫ್ಯಾನಿನ ಗಾಳಿ ಬೇಗ ಸಿಗಬೇಕಿತ್ತು. ಗುಳ್ಳೆಗಳಿದ್ದರೆ ಕಲಸಿದ ಐಸಿಂಗನ್ನು ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಟ್ಟು ನಿಧಾನವಾಗಿ ತಿರುವಿದರೆ ಸಾಕು.

ಬಿಳಿಯ ಮೇಲೆ ಹಳದಿ ಅಥವಾ ಬೂದು ಛಾಯೆಯ ಜಿಡ್ಡು ಕಲೆ ಮಾರನೆಯ ದಿನ ಕಾಣಿಸಿಕೊಂಡರೆ ಅದು ತೇವವಲ್ಲ, ಕೆಳಗಿನ ಕುಕ್ಕಿಯ ಬೆಣ್ಣೆ ಮೇಲೇರಿದ್ದು. ಕುಕ್ಕಿ ಉಗುರುಬೆಚ್ಚಗಿದ್ದಾಗಲೇ ಐಸಿಂಗ್ ಹಾಕಿದರೂ ಹೀಗಾಗುತ್ತದೆ, ಕೋಣೆ ತೀರ ಬಿಸಿಯಿದ್ದರೂ ಆಗುತ್ತದೆ. ಬೇಯಿಸಿದ ಕುಕ್ಕಿಗಳನ್ನು ಟಿಶ್ಯೂ ಕಾಗದದ ಮೇಲೆ ಬೋರಲು ಹಾಕಿ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಹೆಚ್ಚಿನ ಜಿಡ್ಡು ಕಾಗದಕ್ಕೆ ಇಳಿಯುತ್ತದೆ. ಬಿದ್ದ ಕಲೆಯನ್ನು ತೆಗೆಯಲಾಗದು. ಅದರ ಮೇಲೆ ಒಣ ಕೊಬ್ಬರಿ ಪುಡಿಯನ್ನು ಹಿಮವಾಗಿ ಉದುರಿಸಿ ಮರೆಮಾಡಬಹುದು.

ಬಣ್ಣ ಕೆಟ್ಟರೆ

ಹಿಮಮಾನವನ ಕೇಸರಿ ಮೂಗು ಬಿಳಿ ಮುಖಕ್ಕೆ ಹರಡುವುದಕ್ಕೆ ಕಾರಣ ತಳದ ಪದರ ಒಣಗದಿರುವುದು. ಮೇಲೆ ಗಟ್ಟಿಯೆನಿಸಿದರೂ ಒಳಗೆ ಹಸಿಯಿರುತ್ತದೆ. ಬಿಳಿ ಪದರಕ್ಕೆ ಫ್ಯಾನಿನ ಕೆಳಗೆ ಕನಿಷ್ಠ ಆರೇಳು ಗಂಟೆ ಕೊಟ್ಟು, ಕಣ್ಣು, ಮೂಗು, ಗುಂಡಿಗಳನ್ನು ಸಂಜೆಗೆ ಇಟ್ಟುಕೊಳ್ಳಬೇಕು. ದಿನವನ್ನು ಹೀಗೆ ಎರಡು ಕೂಟಗಳಾಗಿ ಒಡೆಯುವುದರಿಂದ ಮಕ್ಕಳ ಏಕಾಗ್ರತೆಯೂ ಬತ್ತುವುದಿಲ್ಲ. ನೀರಿನಂತಹ ಬಣ್ಣಕ್ಕಿಂತ ಜೆಲ್ ಬಣ್ಣ ಮೇಲು. ಸಾಕಾದಷ್ಟು ಗಾಢವಾಗಲು ಅದು ತೀರ ಸ್ವಲ್ಪ ಸಾಕು.

ಮನೆಯಂಗಳದ ಬಣ್ಣಗಳನ್ನು ಬಳಸುವಾಗ ಅವುಗಳ ಸ್ವಭಾವ ತಿಳಿದಿರಬೇಕು. ಶಂಖಪುಷ್ಪದ ಕಷಾಯ ಚಳಿಗಾಲದ ಆಕಾಶಕ್ಕೆ ಬೇಕಾದ ಸುಂದರ ನೀಲಿ ಕೊಡುತ್ತದೆ, ಆದರೆ ಐಸಿಂಗಿನಲ್ಲಿ ಲಿಂಬೆರಸವಿದ್ದರೆ ಕಣ್ಣೆದುರೇ ನೇರಳೆಗೆ ತಿರುಗುತ್ತದೆ. ನೀಲಿ ಬೇಕಾದ ಬಟ್ಟಲಿಗೆ ಲಿಂಬೆ ಹಾಕಬಾರದು. ಮುರುಗಲ (ಕೋಕಂ) ಸಿಪ್ಪೆಯ ಕೆಂಪು ಇದಕ್ಕೆ ವ್ಯತಿರಿಕ್ತವಾಗಿ ಹುಳಿಯಲ್ಲೇ ಚೆನ್ನಾಗಿ ನಿಲ್ಲುತ್ತದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಮಾತ್ರ ಬೇಡ. ಅರಿಸಿನದ ಹಳದಿ ಅಡುಗೆ ಸೋಡಾ ಸೋಕಿದರೆ ಕೆಂಪಗಾಗುತ್ತದೆ, ಆದ್ದರಿಂದ ಸೋಡಾ ಇರುವ ಹಿಟ್ಟಿಗೆ ಅದನ್ನು ಬೆರೆಸುವಂತಿಲ್ಲ. ಬೀಟ್‌ರೂಟ್ ಬಣ್ಣ ಬೆಳಕಿಗೂ ಬಿಸಿಗೂ ಮಾಸುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಗುಲಾಬಿ ನಕ್ಷತ್ರ ಕಂದಿದ್ದರೆ ಕಾರಣ ಇದು. ಇವೆಲ್ಲ ನೀರಿನ ರೂಪದವಾದ್ದರಿಂದ ಐಸಿಂಗ್ ಕಲಸುವ ನೀರಿನ ಅಳತೆಯೊಳಗೇ ಇವನ್ನು ಲೆಕ್ಕ ಹಿಡಿಯಬೇಕು.

ಬೆಳ್ಳಿಯ ಗುಂಡುಗಳಂತಹ ಗಟ್ಟಿ ಅಲಂಕಾರಗಳು ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರ ಪಾಲಿನ ಕುಕ್ಕಿಗೆ ಮೆತ್ತನೆಯ ಅಲಂಕಾರವೇ ಇರಲಿ.

ಡಬ್ಬಿಯಲ್ಲಿ ಮತ್ತು ದಾರಿಯಲ್ಲಿ

ಪೂರ್ತಿ ಒಣಗಿದ ಕುಕ್ಕಿಯನ್ನು ಬೆರಳಿನಿಂದ ಒತ್ತಿದರೆ ಗುರುತು ಬೀಳಬಾರದು, ಮುಟ್ಟಿದಾಗ ತಂಪೆನಿಸಬಾರದು. ತಂಪೆನಿಸುತ್ತಿದೆಯೆಂದರೆ ನೀರು ಇನ್ನೂ ಆರುತ್ತಿದೆ. ಅಂಥವನ್ನು ಡಬ್ಬಿಗೆ ಹಾಕಿದರೆ ಎಲ್ಲವೂ ಕೂಡಿ ಅಂಟಿಕೊಳ್ಳುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪದರಗಳ ನಡುವೆ ಬಟರ್ ಪೇಪರ್ ಹಾಕಿ, ಒಂದು ವಾರದೊಳಗೆ ಮುಗಿಸುವಷ್ಟನ್ನೇ ಮಾಡುವುದು ಕರಾವಳಿಯ ಹವೆಗೆ ತಕ್ಕದ್ದು. ಜೋನಿ ಬೆಲ್ಲದ ಕುಕ್ಕಿಗಳನ್ನು ಬೆಣ್ಣೆ ಕುಕ್ಕಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ಮೆತ್ತಗಿನದು ತನ್ನ ತೇವವನ್ನು ಗರಿಯಾದದ್ದಕ್ಕೆ ದಾಟಿಸುತ್ತದೆ. ಇರುವೆಗಳಿಂದ ಕಾಪಾಡಲು ನೀರು ತುಂಬಿದ ತಟ್ಟೆಯ ನಡುವೆ ಡಬ್ಬಿ ಇಡುವ ಮನೆಯ ಪದ್ಧತಿ ಒಳ್ಳೆಯದೇ, ಮುಚ್ಚಳ ಬಿಗಿಯಾಗಿದ್ದರೆ. ತೆರೆದು ಒಣಗಿಸುತ್ತಿರುವ ಟ್ರೇಯನ್ನು ಮಾತ್ರ ನೀರಿನ ತಟ್ಟೆಯ ಮೇಲೆ ನಿಲ್ಲಿಸಬಾರದು. ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟರೆ ತೇವ ಕುಕ್ಕಿಯಿಂದ ದೂರ ಉಳಿಯುತ್ತದೆ.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ನೆಂಟರ ಮನೆಗೆ ಒಯ್ಯುವುದಿದ್ದರೆ ತಿರುವುಗಳಲ್ಲಿ ಹೆಚ್ಚು ಮುರಿಯುವುದು ತೆಳುವಾದ ಕತ್ತು, ಕೈಕಾಲುಗಳಿರುವ ಆಕಾರಗಳು. ಕಳಿಸುವ ಡಬ್ಬಿಗೆ ನಕ್ಷತ್ರ, ಮರ, ಗುಂಡನೆಯ ಆಕಾರಗಳನ್ನೇ ಆರಿಸಿ, ಎರಡೆರಡರಂತೆ ಬೆನ್ನಿಗೆ ಬೆನ್ನು ಹಚ್ಚಿ ಕಾಗದದಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ, ಸಂದುಗಳಿಗೆ ಮುದುಡಿದ ಕಾಗದ ತುಂಬಬೇಕು. ಆದರೂ ಮುರಿದದ್ದನ್ನು ಗಟ್ಟಿ ಐಸಿಂಗಿನಿಂದ ಹಿಂಬದಿಯಲ್ಲಿ ಅಂಟಿಸಿ, ಬೋರಲಾಗಿ ಎರಡು ಗಂಟೆ ಫ್ಯಾನಿನ ಕೆಳಗೆ ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕಾಗಿ ಒಂದು ಪುಟ್ಟ ಕೋನನ್ನು ತುದಿ ಕತ್ತರಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಬ್ಬಿಯ ಜೊತೆಗೇ ಕಳಿಸಬಹುದು.